ಬಾಲ್ಕನಿಯೋ ಕಿಟಕಿಯೋ: ರಾಯಚೂರಿನಿಂದ ಕ್ರೂಸಿಗೆ ಮಂದಿ ಕರೆದೊಯ್ಯುವವನ ಲೆಕ್ಕ

ಕ್ರೂಸ್ ಹಡಗಿನಲ್ಲಿ ಯಾರಿಗೆ ಬಾಲ್ಕನಿಯ ಕೋಣೆ, ಯಾರಿಗೆ ಬರೀ ಕಿಟಕಿಯದು, ಯಾರಿಗೆ ಕಿಟಕಿಯೇ ಇಲ್ಲದ ಒಳಗಿನದು ಎಂದು ಆರಿಸಲು ನನ್ನದೊಂದು ಲೆಕ್ಕವಿದೆ. ಅದನ್ನು ಮೊದಲ ಸಲ ಹೇಳಿದಾಗ ಹುಬ್ಬಳ್ಳಿಯ ಹಿರಿಯ ಏಜೆಂಟರೊಬ್ಬರು ಬಿದ್ದು ಬಿದ್ದು ನಕ್ಕಿದ್ದರು. "ಕಿಟಕಿ ಇಲ್ಲದ ರೂಮು ಮಾರಿ ಕ್ರೂಸಿನ ಧಂದೆ ಮಾಡ್ತೀಯೇನೋ ತಮ್ಮಾ? ಗಂಜಿನ ಸಾವ್ಕಾರ್ರು ನಿನ್ನ ಸಮುದ್ರಕ್ಕ ಒಗದು ಬರ್ತಾರ ನೋಡು" ಅಂದಿದ್ದರು. ಈಗ ಅವರೇ ತಮ್ಮ ಗುಂಪಿನ ಡೆಕ್ ಪ್ಲಾನನ್ನು, ಅಂದರೆ ಹಡಗಿನ ಅಂತಸ್ತುಗಳ ಕೋಣೆ ನಕ್ಷೆಯನ್ನು, ವಾಟ್ಸ್ಆ್ಯಪಿನಲ್ಲಿ ಕಳಿಸಿ, "ಒಂದಿಷ್ಟು ಗುರ್ತು ಹಾಕಿ ಕೊಡಪಾ" ಅನ್ನುತ್ತಾರೆ. ಬಳ್ಳಾರಿಯ ಜೀನ್ಸ್ ಘಟಕದವರ ಗುಂಪೊಂದು ತಮ್ಮೂರಿನ ಏಜೆಂಟರನ್ನು ಬಿಟ್ಟು ನನ್ನ ಹತ್ತಿರ ಬಂದಿತು. ಹಾಗಾಗಿ ಬರೆಯುವ ಧೈರ್ಯ ಬಂತು. ಬುಕಿಂಗ್ ಪೋರ್ಟಲ್, ಡೆಕ್ ಪ್ಲಾನ್, ಟ್ವಿನ್ ಶೇರಿಂಗ್ (ಕೋಣೆಗೆ ಇಬ್ಬರು), ಪೋರ್ಟ್ ಚಾರ್ಜ್ (ಬಂದರಿನ ಶುಲ್ಕ) ಇವೆಲ್ಲ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಗೊತ್ತಿಲ್ಲದವರು ಒಂದು ಸಲ ಹೋಗಿ ಬಂದು ಓದಲಿ.

ನನ್ನ ಗಿರಾಕಿಗಳೆಂದರೆ ರಾಯಚೂರಿನ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ಹತ್ತಿ ವ್ಯಾಪಾರಿಗಳು, ಸಿಂಧನೂರು-ಮಾನ್ವಿ ಕಡೆಯ ಭತ್ತದ ಮಂದಿ, ಶಕ್ತಿನಗರದ ಥರ್ಮಲ್‌ನಲ್ಲಿ ರಿಟೈರ್ ಆದವರು. ಗಂಡ-ಹೆಂಡತಿ ಇಬ್ಬರೇ ಬರುವುದು ಅಪರೂಪ. ಬಂದರೆ ಮನೆಮಂದಿಯೆಲ್ಲ: ಅಜ್ಜ-ಅಜ್ಜಿ, ಇಬ್ಬರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಕೋಣೆ ಆರಿಸುವ ಬಗ್ಗೆ ಎಲ್ಲೆಲ್ಲೋ ಬರುವ ಸಲಹೆಗಳೆಲ್ಲ ಹೊಸದಾಗಿ ಮದುವೆಯಾದ ಜೋಡಿಗೆ ಬರೆದಂತಿರುತ್ತವೆ. ನಮ್ಮ ಕಡೆಯವರಿಗೆ ಅವು ಹೊಂದುವುದಿಲ್ಲ.

ಎಲ್ಲರ ಮೊದಲ ಪ್ರಶ್ನೆ ಒಂದೇ: "ಬಾಲ್ಕನಿ ಐತೇನ್ರಿ?" ಬೀಗರು ಬಾಲ್ಕನಿಯಲ್ಲಿ ನಿಂತು ತೆಗೆಸಿಕೊಂಡ ಫೋಟೋ ನೋಡಿರುತ್ತಾರೆ. ಶುರುವಿನ ಗುಂಪುಗಳಿಗೆ ಕೇಳಿದ್ದನ್ನೇ ಕೊಟ್ಟೆ. ಕೊನೆಯ ರಾತ್ರಿ ಊಟದ ಹೊತ್ತಿಗೆ ಒಂದೊಂದು ಟೇಬಲ್ಲಿಗೂ ಹೋಗಿ, ಒಟ್ಟು ಎಷ್ಟು ಹೊತ್ತು ಹೊರಗೆ ಕೂತಿರಿ ಎಂದು ಕೇಳುವುದು ರೂಢಿ ಮಾಡಿಕೊಂಡೆ. ಬಹಳ ಮಂದಿ ಒಂದು ಗಂಟೆಯೂ ಕೂತಿರಲಿಲ್ಲ. ಹುಡುಗರು ಪೂಲಿನಲ್ಲಿ, ಗಂಡಸರು ಇಸ್ಪೀಟಿನಲ್ಲಿ, ಹೆಂಗಸರು ಬಫೆ ಮುಗಿಸಿ ಶೋದಲ್ಲಿ. ಮಧ್ಯಾಹ್ನ ಕೋಣೆಗೆ ಬಂದರೆ ಪರದೆ ಎಳೆದು ಮಲಗುವುದೇ. ಇಪ್ಪತ್ತು ಸಾವಿರ ಹೆಚ್ಚಿಗೆ ಕೊಟ್ಟ ಬಾಲ್ಕನಿಯಲ್ಲಿ ಒದ್ದೆ ಟವೆಲ್ ನೇತಾಡುತ್ತಿತ್ತು. ಅದನ್ನೂ ಹೌಸ್‌ಕೀಪಿಂಗಿನ ಹುಡುಗ ಬಂದು ತೆಗೆಸಿದ. ಹೊರಗೆ ಬಟ್ಟೆ ಒಣಹಾಕಲು ಬಿಡುವುದಿಲ್ಲ, ಗಾಳಿಗೆ ಹಾರಿಹೋಗುತ್ತವೆ.

ಇನ್ನೊಂದು ಬಿಸಿಲಿನ ಸಂಗತಿ. ರಾಯಚೂರಿನ ಮೇ ತಿಂಗಳ 43 ಡಿಗ್ರಿ ತಡೆದವರು ಹಡಗಿನ ಮೇಲೆ 31 ಡಿಗ್ರಿಗೆ ಒಳಗೆ ಓಡಿ ಬರುವುದನ್ನು ಕಣ್ಣಾರೆ ಕಂಡೆ. ಅಂಗಡಿಯಲ್ಲಿ ನಾನ್ನೂರು ರೂಪಾಯಿಗೆ ಸಿಗುವ ಉಷ್ಣ-ತೇವದ ಮೀಟರೊಂದನ್ನು ಬಾಲ್ಕನಿಯ ಸಣ್ಣ ಟೇಬಲ್ಲಿನ ಮೇಲೆ ಇಟ್ಟೆ. ತೇವ ಎಂಬತ್ತರ ಮೇಲೆಯೇ ನಿಂತಿತು. ನಮ್ಮದು ಒಣ ಬಿಸಿಲು, ಬೆವರು ಬಂದ ಹಾಗೇ ಆರುತ್ತದೆ. ಸಮುದ್ರದ ಮೇಲೆ ಅದು ಆರುವುದೇ ಇಲ್ಲ. ಬಾಗಿಲು ತೆಗೆದ ಕ್ಷಣಕ್ಕೆ ಎಸಿ ಕೋಣೆಯಿಂದ ಹೊರಬಂದ ಚಾಳೀಸು ಬೆಳ್ಳಗಾಗಿ ಏನೂ ಕಾಣುವುದಿಲ್ಲ, ಮೊಬೈಲಿನ ಕ್ಯಾಮೆರಾಕ್ಕೂ ಅದೇ ಗತಿ. ಕಂಬಿ ಮುಟ್ಟಿದರೆ ಅಂಗೈಗೆ ಉಪ್ಪು ಅಂಟುತ್ತದೆ. ಬಾಗಿಲು ತೆರೆದಿಟ್ಟರೆ ಎಷ್ಟೋ ಹಡಗುಗಳಲ್ಲಿ ಕೋಣೆಯ ಎಸಿ ತಾನೇ ನಿಲ್ಲುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಎಸಿ ಕೆಟ್ಟಿದೆ ಎಂದು ಮಧ್ಯರಾತ್ರಿ ನಿಮ್ಮ ಬಾಗಿಲು ಬಡಿಯುತ್ತಾರೆ.

ಇದಾದ ಮೇಲೆ ನಾನು ಹಿಡಿದದ್ದು ಬೆಳಕಿನ ಗಂಟೆಯ ಲೆಕ್ಕ. ಹಡಗು ಹಗಲಿನಲ್ಲಿ ನೀರಿನ ಮೇಲೆ ಸಾಗುವ ಗಂಟೆ ಎಷ್ಟು? ಅದರಲ್ಲಿ ಈ ಮನೆಯವರು ಕೋಣೆಯಲ್ಲಿ ಇರುವುದೆಷ್ಟು? ಬಾಲ್ಕನಿಗೂ ಬರೀ ಕಿಟಕಿಯಿರುವ ಓಶನ್‌ವ್ಯೂ ಕೋಣೆಗೂ ತಲೆಗೆ ಬೀಳುವ ಫರಕನ್ನು ಆ ಗಂಟೆಯಿಂದ ಭಾಗಿಸುವುದು. ಗಂಟೆಗೆ ಸಾವಿರ ದಾಟಿದರೆ ಕಿಟಕಿ, ಸಾವಿರದೊಳಗೆ ಬಂದರೆ ಬಾಲ್ಕನಿ. ಸಾವಿರವೇ ಏಕೆ ಎಂದರೆ, ಅಷ್ಟರವರೆಗೆ ಯಾರೂ ನನ್ನ ಹತ್ತಿರ ತಕರಾರು ತೆಗೆದಿಲ್ಲ.

ಮುಂಬೈ-ಗೋವಾ-ಮುಂಬೈ ಮೂರು ರಾತ್ರಿ ತೆಗೆದುಕೊಳ್ಳಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಸಿಎಸ್‌ಎಂಟಿಗೆ ಇಳಿಸಿ, ರಾತ್ರಿ ಅಲ್ಲೇ ತಂಗಿಸಿ, ಮರುದಿನ ಹಡಗು ಹತ್ತುವ ಬ್ಯಾಲಾರ್ಡ್ ಪಿಯರಿಗೆ ಟ್ಯಾಕ್ಸಿ. ದೂರವೇ ಅಲ್ಲ. ಸಂಜೆ ಐದರ ಸುಮಾರಿಗೆ ಹಡಗು ಬಿಟ್ಟರೆ ಡಿಸೆಂಬರಿನಲ್ಲಿ ಒಂದು ತಾಸಿಗೆ ಕತ್ತಲು. ಮರುದಿನ ಹಗಲು ಗೋವಾದ ಮುರ್ಮುಗಾವ್ ಬಂದರಿನಲ್ಲಿ ಕಟ್ಟಿ ನಿಂತಿರುತ್ತದೆ. ಅಲ್ಲಿ ಬಾಲ್ಕನಿಯಿಂದ ಕಾಣುವುದು ಕ್ರೇನು, ಕಲ್ಲಿದ್ದಲಿನ ಗುಡ್ಡೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲು ಇಳಿಯುವುದೂ ಇದೇ ಬಂದರಿನಲ್ಲಿ. ಅದನ್ನು ನೋಡಲು ಬಳ್ಳಾರಿಯವರು ಸಮುದ್ರ ಹತ್ತಬೇಕೇ? ಉಳಿದದ್ದು ಒಂದು ಪೂರ್ತಿ ಹಗಲು. ಊಟ, ಪೂಲು, ನಿದ್ದೆ ಕಳೆದರೆ ಕೋಣೆಯಲ್ಲಿ ಎಚ್ಚರವಾಗಿರುವುದು ಐದಾರು ಗಂಟೆ. ಈ ಹಾದಿಗೆ ನಾನು ಮಾಡಿಸಿದ ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕಡಿಮೆ, ಬೇಕೆಂದರೆ ಸೂಟ್ ಎನ್ನುವ ದುಬಾರಿ ಕೋಣೆಗಳ ಸಾಲಿಗೇ ಹೋಗಬೇಕು. ನಾನು ಮಾಡಿಸಿದ ಸೀಸನ್ನಿನಲ್ಲಿ ತಲೆಗೆ ಹದಿನೆಂಟರಿಂದ ಇಪ್ಪತ್ತು ಸಾವಿರ ಫರಕು ಬರುತ್ತಿತ್ತು ಅಂತ ನೆನಪು. ಗಂಟೆಗೆ ಮೂರು ಸಾವಿರದ ಮೇಲಾಯಿತು. ಕಿಟಕಿ ಸಾಕು, ಕಣ್ಣು ಮುಚ್ಚಿ ಹೇಳುತ್ತೇನೆ.

ಸಿಂಗಾಪುರದಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ಇದು ತಲೆಕೆಳಗು. 2016ರ ಗೆಂಟಿಂಗ್ ಡ್ರೀಮ್‌ನಂಥ ಹೊಸ ಹಡಗಿನಲ್ಲಿ ಹೊರಬದಿಯ ಕೋಣೆಗಳಲ್ಲಿ ಹೆಚ್ಚಿನವು ಬಾಲ್ಕನಿಯವೇ. ಬರೀ ಕಿಟಕಿಯ ಕೋಣೆ ಕಡಿಮೆ, ಹಾಗಾಗಿ ರೇಟಿನಲ್ಲಿ ಅಂತರವೂ ಕಡಿಮೆ. ಪೆನಾಂಗ್, ಫುಕೆಟ್ ಕಡೆ ಹೋಗುವಾಗ ಹಗಲು ಸಾಗುವ ಹೊತ್ತೂ ಹೆಚ್ಚು, ಮಲಕ್ಕಾ ಜಲಸಂಧಿಯಲ್ಲಿ ನೀರೂ ಸಾಮಾನ್ಯವಾಗಿ ಶಾಂತ. ಅಲ್ಲಿ ಫರಕು ಆರೇಳು ಸಾವಿರ, ಕೂರುವ ಗಂಟೆ ಹತ್ತರ ಹತ್ತಿರ. ಬಾಲ್ಕನಿ ತೆಗೆದುಕೊಳ್ಳಿ.

ಆದರೆ ಎಲ್ಲರಿಗೂ ಅಲ್ಲ. ನಕ್ಕವರು ನಕ್ಕದ್ದು ಇಲ್ಲಿಗೇ. ಆರು ಜನರ ಮನೆಗೆ ಎಲ್ಲ ಏಜೆಂಟರೂ ಮೂರು ಓಶನ್‌ವ್ಯೂ ಕೊಡುತ್ತಾರೆ. ತಲೆಗೆ 28 ಸಾವಿರ ಎಂದು ಹಿಡಿದರೆ 1,68,000. ನಾನು ಕೊಡುವುದು ಅಜ್ಜ-ಅಜ್ಜಿಗೆ ಒಂದು ಬಾಲ್ಕನಿ, ಅದೇ ಓಣಿಯಲ್ಲಿ ಎದುರಿಗೆ ಎರಡು ಒಳಗಿನ ಕೋಣೆ. ಬಾಲ್ಕನಿ 34ರಂತೆ 68, ಒಳಗಿನವು 22ರಂತೆ 88, ಒಟ್ಟು 1,56,000. ಹನ್ನೆರಡು ಸಾವಿರ ಉಳಿಯಿತು, ಮನೆಗೊಂದು ಬಾಲ್ಕನಿಯೂ ಬಂತು. ಹಿರಿಯರು ಹಗಲೆಲ್ಲ ಕೋಣೆಯಲ್ಲೇ ಇರುತ್ತಾರೆ, ಬಾಗಿಲು ತಟ್ಟಿದರೆ ಸಾಕು. ಅದು ಆ ಮನೆಯ ಕಟ್ಟೆಯಾಗಿಬಿಡುತ್ತದೆ. ಚಹಾ ಅಲ್ಲೇ, ಹರಟೆ ಅಲ್ಲೇ. ಕಿರಿಯರಿಗೆ ಕೋಣೆ ಬೇಕಾಗುವುದು ನಿದ್ದೆಗೆ ಮಾತ್ರ, ಅದಕ್ಕೆ ಕತ್ತಲೆಯೇ ಒಳ್ಳೆಯದು.

ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಸಿಂಧನೂರಿನ ಒಬ್ಬ ಹಿರಿಯರು, "ನನ್ನ ಮಕ್ಕಳ್ನ ಗೋದಾಮಿನ್ಯಾಗ ಮಲಗಿಸ್ತೀಯೇನು?" ಎಂದು ಅಡ್ವಾನ್ಸ್ ವಾಪಸ್ ಕೇಳಿದ್ದರು. ಅವರ ಸಣ್ಣ ಸೊಸೆ ನಡುವೆ ಬಂದು, "ಮಾವಾರ, ನಮ್ಮ ಕೂಸು ಬೆಳಕಿಗೆ ಐದಕ್ಕ ಏಳ್ತದ, ನಮಗ ಒಳಗಿನದ ಇರ್ಲಿ" ಅಂದಳು. ಆ ಹೆಣ್ಣುಮಗಳ ಪುಣ್ಯದಿಂದ ನನ್ನ ಲೆಕ್ಕಕ್ಕೆ ಮೊದಲ ಗಿರಾಕಿ ಸಿಕ್ಕಿತು. ಮರುವರ್ಷ ಆ ಹಿರಿಯರೇ ತಮ್ಮ ಬೀಗರನ್ನು ಕಳಿಸಿದರು.

ದುಡ್ಡು ಹೋದದ್ದು ಗ್ಯಾರಂಟಿ ಕ್ಯಾಬಿನ್ನಿನಲ್ಲಿ. ದರ್ಜೆ ಮಾತ್ರ ಖಾತ್ರಿ, ನಂಬರು ಕಂಪನಿಯ ಇಷ್ಟ. ತಲೆಗೆ ಎರಡು ಮೂರು ಸಾವಿರ ಕಡಿಮೆ. ಒಂದು ವಿದೇಶಿ ಹಡಗಿನಲ್ಲಿ, ಹೆಸರು ಬೇಡ, ಹೀಗೆ ಮಾಡಿಸಿದ ದೇವದುರ್ಗದ ಮನೆಯವರು ನಾಲ್ಕು ಡೆಕ್ಕುಗಳಿಗೆ ಚದುರಿಹೋದರು. ಎರಡು ಕೋಣೆ ಪೂಲ್ ಡೆಕ್ಕಿನ ನೇರ ಕೆಳಗೆ. ಬೆಳಗಿನ ಐದಕ್ಕೆ ಮೇಲೆ ಕುರ್ಚಿ ಎಳೆಯುವ ಸದ್ದು ಶುರು. ಇನ್ನೊಂದು ಓಶನ್‌ವ್ಯೂಗೆ ಕಿಟಕಿ ತುಂಬ ಕಿತ್ತಳೆ ಬಣ್ಣದ ಲೈಫ್‌ಬೋಟ್. ಅದರ ಮೇಲಿಂದ ನಾಲ್ಕು ಬೆರಳಿನಷ್ಟು ಆಕಾಶ. ಊರಿಗೆ ಬಂದ ಮೇಲೆ ಬಾಕಿ ರೊಕ್ಕ ಬರಲಿಲ್ಲ. ಸುಮಾರು ನಲವತ್ತು ಸಾವಿರ ಕೈಯಿಂದಲೇ ಕಟ್ಟಿದೆ. ಆಮೇಲಿಂದ ಗುಂಪಿಗೆ ನಂಬರು ಸಿಗದ ಬುಕಿಂಗ್ ಮಾಡಿಲ್ಲ. ಈಗ ನಾನು ಆರಿಸುವುದು ಮೇಲೆಯೂ ಕೋಣೆ, ಕೆಳಗೆಯೂ ಕೋಣೆ ಇರುವ ಡೆಕ್ಕು, ಹಡಗಿನ ನಡುಭಾಗ. ಮೂತಿಯ ಕಡೆ ಕೆಳಗಿನ ಡೆಕ್ಕಿನಲ್ಲಿ ಬೆಳಗ್ಗೆ ಬಂದರಿಗೆ ಕಟ್ಟುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್ ಗುಡುಗುತ್ತದೆ, ಹಾಸಿಗೆ ನಡುಗುತ್ತದೆ. ವಾಂತಿಯ ಭಯವಿರುವವರನ್ನು ನಡುವಿನ ಕೆಳ ಡೆಕ್ಕಿಗೇ ಹಾಕಿ, ತೂಗಾಟ ಅಲ್ಲಿ ಕಡಿಮೆ. ಆ ಕೆಳಗಿನ ಕಿಟಕಿ ಕೋಣೆ ರೇಟಿನಲ್ಲೂ ಅಗ್ಗ. ವಾಂತಿಯ ಗುಳಿಗೆ ಅವೊಮಿನ್ ಹಂಚುವ ಕೆಲಸ ಅರ್ಧಕ್ಕೆ ಇಳಿಯಿತು.

ಇನ್ನು ಎಡವೋ ಬಲವೋ. ಮುಂಬೈಯಿಂದ ದಕ್ಷಿಣಕ್ಕೆ ಹೋಗುವಾಗ ಪಡುವಣ ಬಲಕ್ಕೆ. ಹೊರಟ ಸಂಜೆಯ ಸೂರ್ಯಾಸ್ತ ಬಲಗಡೆಯವರಿಗೆ. ವಾಪಸ್ ಬರುವ ಹಗಲು ಹಡಗು ಉತ್ತರಕ್ಕೆ ತಿರುಗಿರುತ್ತದೆ, ಮಧ್ಯಾಹ್ನದ ಬಿಸಿಲೆಲ್ಲ ಎಡಗಡೆಗೆ ಬಡಿಯುತ್ತದೆ, ಬಲಗಡೆ ನೆರಳು. ಎರಡೂ ಲಾಭ ಬಲಕ್ಕೇ. ಸಿಂಗಾಪುರದಿಂದ ಪೆನಾಂಗಿಗೆ ವಾಯವ್ಯದ ಹಾದಿ: ಹೋಗುವಾಗ ಮಧ್ಯಾಹ್ನದ ಬಿಸಿಲು ಎಡಕ್ಕೆ, ಬರುವಾಗ ಬಲಕ್ಕೆ. ಯಾವ ದಿಕ್ಕಿನ ಪಯಣ ಹಗಲಿನಲ್ಲಿ ಬೀಳುತ್ತದೆ ಎಂದು ವೇಳಾಪಟ್ಟಿ ನೋಡಿ ಕಡೆ ಆರಿಸಿ. ಲಕ್ಷದ್ವೀಪದಲ್ಲಿ ಇದೆಲ್ಲ ಬೇಡ. ಹಡಗು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ, ಗಾಳಿ ಬಂದ ಹಾಗೆ ಲಂಗರಿನ ಸುತ್ತ ತಿರುಗುತ್ತದೆ, ದ್ವೀಪ ಒಮ್ಮೆ ಇವರಿಗೆ ಒಮ್ಮೆ ಅವರಿಗೆ. ಎಷ್ಟೋ ಹಡಗುಗಳಲ್ಲಿ ಕೋಣೆಯ ನಂಬರಿನ ಬೆಸ-ಸಮ ನೋಡಿಯೇ ಎಡ-ಬಲ ತಿಳಿಯಬಹುದು, ಕಂಪನಿಯಿಂದ ಕಂಪನಿಗೆ ಅದು ಬೇರೆ. ನನ್ನ ಪಟ್ಟಿ ನನ್ನ ಡೈರಿಯಲ್ಲಿದೆ, ಅಲ್ಲೇ ಇರಲಿ.

ನಡುವೆ ಒಂದು ಆಟವನ್ನೂ ಆಡಿ ನೋಡಿದೆ. ರಾಯಲ್ ಕೆರಿಬಿಯನ್ ಕಂಪನಿಯ ಕ್ವಾಂಟಮ್ ಜಾತಿಯ ಹಡಗುಗಳಲ್ಲಿ ಒಳಗಿನ ಕೋಣೆಗೆ 80 ಇಂಚಿನ ಪರದೆ ಇಟ್ಟು, ಹೊರಗಿನ ಕ್ಯಾಮೆರಾದಿಂದ ಸಮುದ್ರವನ್ನು ಆಗಿಂದಾಗಲೇ ತೋರಿಸುತ್ತಾರೆ. ವರ್ಚುವಲ್ ಬಾಲ್ಕನಿ ಅಂತ ಹೆಸರು. ಒಬ್ಬ ರಿಟೈರ್ಡ್ ಇಂಜಿನಿಯರ್ ದಂಪತಿಗೆ ಅದನ್ನೇ ಕೊಡಿಸಿದೆ. ಸಾಹೇಬರು ಖುಷಿಯಾದರು, ಕ್ಯಾಮೆರಾ ಎಲ್ಲಿದೆ ಎಂದು ಹುಡುಕಿಕೊಂಡು ಡೆಕ್ಕೆಲ್ಲ ಸುತ್ತಿದರು. ಅಮ್ಮಾರು ಎರಡನೇ ದಿನ ಪರದೆ ಆರಿಸಿಸಿ, "ಟೀವಿ ನಮ್ಮ ಮನ್ಯಾಗೂ ಐತ್ರೀ" ಅಂದರು. ಅಗ್ಗವೇನೋ ಹೌದು, ಆದರೆ ಹಿರಿಯರಿಗೆ ಅದನ್ನು ನಾನೀಗ ಹೇಳುವುದಿಲ್ಲ.

ಮೂರನೆಯ-ನಾಲ್ಕನೆಯವರನ್ನು ಮೇಲಿನ ಬಂಕಿಗೆ ಹಾಕಿ ಒಂದೇ ಬಾಲ್ಕನಿಯಲ್ಲಿ ನಾಲ್ವರನ್ನು ಹಿಡಿಸುವುದನ್ನೂ ಮಾಡಿದ್ದೇನೆ. ರೇಟು ಬಹಳ ಇಳಿಯುತ್ತದೆ. ಒಂದೇ ಬಾತ್‌ರೂಮು, ಬೆಳಗ್ಗೆ ನಾಲ್ವರಿಗೂ ಅವಸರ. ಎರಡನೆಯ ದಿನಕ್ಕೆ ಅಣ್ಣ-ತಮ್ಮಂದಿರು ಮಾತು ಬಿಟ್ಟಿದ್ದರು. ಮಕ್ಕಳು ಹತ್ತು ವರ್ಷದೊಳಗಿದ್ದರೆ ಸರಿ, ಮೇಲಾದರೆ ಬೇಡ.

ಪೂರ್ತಿ ಪಾವತಿಯ ಕೊನೆಯ ದಿನ ಹತ್ತಿರ ಬಂದಾಗ ಬಾಲ್ಕನಿಯ ರೇಟು ಕೆಲವೊಮ್ಮೆ ಒಮ್ಮೆಲೇ ಇಳಿಯುತ್ತದೆ. ಆಗ ಕಟ್ಟಿದ ಬುಕಿಂಗನ್ನು ರದ್ದು ಮಾಡದೆ ಮೇಲ್ದರ್ಜೆಗೆ ಏರಿಸಿಕೊಳ್ಳುವ ಒಂದು ದಾರಿ ಇದೆ. ಯಾರಿಗೆ ಫೋನ್ ಮಾಡಬೇಕು, ಏನು ಕೇಳಬೇಕು ಎಂಬುದನ್ನು ಇಲ್ಲಿ ಬರೆದರೆ ಮುಂದಿನ ಸೀಸನ್ನಿಗೆ ನನಗೇ ಸಿಗುವುದಿಲ್ಲ. ಪೋರ್ಟ್ ಚಾರ್ಜು, ಜಿಎಸ್‌ಟಿ, ರಾತ್ರಿಗಿಷ್ಟು ಎಂದು ಕಟ್ಟುವ ಟಿಪ್ಸು ಮಾತ್ರ ಮೊದಲೇ ಸೇರಿಸಿ ಹೇಳಿ. ಹಡಗಿನಲ್ಲಿ ಬಿಲ್ಲು ತೋರಿಸಿದರೆ ನಮ್ಮವರು ಅಲ್ಲೇ ಜಗಳಕ್ಕೆ ನಿಲ್ಲುತ್ತಾರೆ.

ಈ ಡಿಸೆಂಬರಿಗೆ ಗಂಜಿನ ಒಂದು ಮನೆ ಮುಂಬೈ-ಗೋವಾಕ್ಕೆ ಬರುತ್ತಿದೆ. ಹಾಳೆಯ ಮೇಲೆ ಗಂಟೆಗೆ ಮೂರು ಸಾವಿರದ ಲೆಕ್ಕ ಬರೆದು ತೋರಿಸಿದೆ. ಸಾವ್ಕಾರರು ಪೂರ್ತಿ ಕೇಳಿ, "ಲೆಕ್ಕ ಖರೆ ಐತಿ, ಆದ್ರ ಬೀಗರು ಬಾಲ್ಕನಿ ತಗೊಂಡಿದ್ರಲ್ಲ" ಅಂದರು. ಸೂಟ್ ಮಾಡಿಕೊಟ್ಟೆ. ಅದರಲ್ಲಿ ನನಗೆ ಕಮಿಷನ್ನೂ ಜಾಸ್ತಿ. ಕಡೆಯನ್ನು ಮಾತ್ರ ಬಲಗಡೆಯೇ ಹಿಡಿದಿದ್ದೇನೆ.