ಆರೋಗ್ಯವನ್ನು ಇಡಿಯಾಗಿ ನೋಡಿಕೊಳ್ಳುವ ಕ್ರಮ

ಆರೋಗ್ಯವೆಂದರೆ ಕೇವಲ ರೋಗವಿಲ್ಲದಿರುವುದಲ್ಲ, ದೇಹ, ಮನಸ್ಸು ಮತ್ತು ಸಾಮಾಜಿಕ ಬದುಕು ಮೂರೂ ಕ್ಷೇಮವಾಗಿರುವುದು ಎಂಬ ವ್ಯಾಖ್ಯೆ 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದಲ್ಲಿಯೇ ಇದೆ. ಅದನ್ನು ಒಪ್ಪುವವರಲ್ಲಿ ಅನೇಕರು ಆಹಾರ, ವ್ಯಾಯಾಮ, ಧ್ಯಾನ ಎಲ್ಲವನ್ನೂ ಒಂದೇ ದಿನ ಆರಂಭಿಸಿ, ಕೆಲವು ವಾರಗಳಲ್ಲಿ ದಣಿದು ಎಲ್ಲವನ್ನೂ ಕೈಬಿಡುತ್ತಾರೆ. ದೇಹ, ಮನಸ್ಸು ಮತ್ತು ಸಾಮಾಜಿಕ ಬದುಕು ಒಂದರೊಡನೊಂದು ಹೆಣೆದುಕೊಂಡಿರುವುದರಿಂದ, ಯಾವ ಎಳೆಯನ್ನು ಸರಿಪಡಿಸಿದರೆ ಉಳಿದವೂ ಸರಿಹೋಗುತ್ತವೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

ಅದಕ್ಕಾಗಿ ಎರಡು ವಾರಗಳ ಕಾಲ ಯಾವ ಅಭ್ಯಾಸವನ್ನೂ ಬದಲಿಸದೆ, ಮಲಗಿದ ಮತ್ತು ಎದ್ದ ಹೊತ್ತು, ಊಟದ ಹೊತ್ತು, ನಡೆದಾಡಿದ ಅವಧಿ, ನೋವು, ಮನಸ್ಸಿನ ಸ್ಥಿತಿ, ಮನಬಿಚ್ಚಿ ಮಾತನಾಡಲು ಯಾರಾದರೂ ಸಿಕ್ಕರೇ ಎಂಬುದನ್ನು ದಿನವೂ ಬರೆದಿಡಿ. ಬಳಿಕ ಎಲ್ಲವನ್ನೂ ಒಟ್ಟಿಗೆ ಓದಿದಾಗ, ಸಿಡಿಮಿಡಿಯ ದಿನಗಳ ಹಿಂದಿನ ರಾತ್ರಿ ನಿದ್ದೆ ಕೆಟ್ಟಿತ್ತೇ, ತಲೆನೋವು ಊಟ ತಪ್ಪಿದ ದಿನಗಳಲ್ಲೇ ಬರುತ್ತಿದೆಯೇ ಎಂಬಂಥ ಸಂಬಂಧಗಳು ಕಣ್ಣಿಗೆ ಬೀಳುತ್ತವೆ.

ಏನೂ ಸ್ಪಷ್ಟವಾಗದಿದ್ದರೆ ನಿದ್ದೆಯಿಂದಲೇ ಆರಂಭಿಸಿ ಎಂಬುದು ನನ್ನ ದೃಢವಾದ ಸಲಹೆ. ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆಗಳ ನಿದ್ದೆ ಬೇಕು. ಅದು ಕಡಿಮೆಯಾದಾಗ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚುವುದೂ ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನ್ ತಗ್ಗುವುದೂ ಉಂಟು. ಆದ್ದರಿಂದ ಬಾಯಿಕಟ್ಟಲು ಆಗುತ್ತಿಲ್ಲವೆಂದು ತಮ್ಮನ್ನೇ ಹಳಿದುಕೊಳ್ಳುವವರು ಮೊದಲು ತಮ್ಮ ರಾತ್ರಿಗಳನ್ನು ಪರಿಶೀಲಿಸಬೇಕು. ರಜಾದಿನಗಳಲ್ಲಿಯೂ ಏಳುವ ಹೊತ್ತನ್ನು ಬದಲಿಸಬೇಡಿ, ಎದ್ದ ಕೂಡಲೇ ಸ್ವಲ್ಪ ಹೊತ್ತು ಹೊರಗಿನ ಬೆಳಕಿನಲ್ಲಿರಿ. ಕುಡಿದ ಕೆಫೀನಿನ ಸುಮಾರು ಅರ್ಧ ಭಾಗ 5 ಗಂಟೆಗಳ ನಂತರವೂ ದೇಹದಲ್ಲಿ ಉಳಿದಿರುವುದರಿಂದ, ಕಾಫಿ ಮತ್ತು ಚಹಾವನ್ನು ಮಧ್ಯಾಹ್ನಕ್ಕೇ ನಿಲ್ಲಿಸುವುದು ಒಳ್ಳೆಯದು. ಜೋರಾದ ಗೊರಕೆಯ ಜೊತೆಗೆ ಹಗಲಿನಲ್ಲಿ ತೂಕಡಿಕೆಯೂ ಇದ್ದರೆ ವೈದ್ಯರಿಗೆ ತಿಳಿಸಿ. ಅದು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿರಬಹುದು.

ನಿದ್ದೆ ಒಂದು ಹದಕ್ಕೆ ಬಂದ ಮೇಲೆ ನಡಿಗೆಯನ್ನು ಸೇರಿಸಿ. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆ ಮತ್ತು ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಅಂತಿಮ ಗುರಿಯಾಗಿರಲಿ, ಆರಂಭಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ಆಹಾರದಲ್ಲಿ ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ಇರಲಿ, ಉಪ್ಪು 5 ಗ್ರಾಂ ಮೀರದಿರಲಿ. ಇವೆಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಒಡನಾಟ. ಪುರುಸೊತ್ತು ಸಿಕ್ಕಾಗ ಮಾತನಾಡೋಣವೆಂದು ಬಿಟ್ಟರೆ ತಿಂಗಳುಗಳೇ ಕಳೆಯುತ್ತವೆ. ವ್ಯಾಯಾಮಕ್ಕೆ ಹೊತ್ತು ಗೊತ್ತುಮಾಡುವಂತೆಯೇ ಆಪ್ತರ ಭೇಟಿಗೂ ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿ.

ಈ ಕ್ರಮ ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ. ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸದ ಕಾರಣ ಅಳತೆ ಮಾಡಿಸದೆ ತಿಳಿಯುವುದಿಲ್ಲ. ನಿರಂತರ ಸುಸ್ತಿನ ಹಿಂದೆ ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಇದ್ದರೆ ಎಷ್ಟು ವಿಶ್ರಾಂತಿ ಪಡೆದರೂ ಅದು ಹೋಗದು. ವೈದ್ಯರು ಕೊಟ್ಟ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಕೆಲವು ಗಿಡಮೂಲಿಕೆಗಳು ಮಾತ್ರೆಗಳ ಪರಿಣಾಮವನ್ನು ಏರುಪೇರು ಮಾಡುವುದರಿಂದ, ಅಂಥವನ್ನು ಸೇವಿಸುತ್ತಿದ್ದರೆ ಮುಚ್ಚಿಡದೆ ಹೇಳಿ. ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ಪ್ರಿಯವಾದ ಕೆಲಸಗಳಲ್ಲಿಯೂ ಆಸಕ್ತಿ ಉಳಿಯದಿದ್ದರೆ, ದಿನಚರಿ ಸರಿಹೋಗಲೆಂದು ಕಾಯದೆ ತಜ್ಞರನ್ನು ಕಾಣಿ.