ಹಗ್ಗಕ್ಕೆ ಪುಸ್ತಕ, ಬಾಯಿಗೆ ಪದ್ಯ: ನಲಿ-ಕಲಿ ಕ್ಲಾಸಿನಲ್ಲಿ ನನ್ನ ಅನುಭವ

ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ಕೈಗೆ ಪುಸ್ತಕ ಕೊಟ್ಟರೆ ಹರಿದು ಹಾಕುತ್ತಾರೆ, ಅದೂ ಅಕ್ಷರ ಬಾರದವರಿಗೆ ಕೊಟ್ಟು ಏನು ಉಪಯೋಗ, ಸ್ಟಾಕ್ ರಿಜಿಸ್ಟರ್‌ಗೆ ಉತ್ತರ ಕೊಡೋರು ಯಾರು ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು. ಈಗ ಅವರೇ ಮನೆ ಮಕ್ಕಳಿಗೆ ಅಂತ ನನ್ನ ಹತ್ತಿರ ಪುಸ್ತಕ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ. ಅಂಥ ಕ್ಲಾಸಿನ ಮೇಷ್ಟ್ರು ನಾನು, ಅಲ್ಲಿ ಮಕ್ಕಳ ಕೈಗೆ ಪುಸ್ತಕ ಕೊಟ್ಟ ಕಥೆ ಇದು.

ಮೊದಲು ದುಡ್ಡು. ಕೈಯಿಂದ ₹6,000 ಚಿಲ್ಲರೆ ಹಾಕಿ ಕಬ್ಬಿಣದ ರ‍್ಯಾಕ್ ಮಾಡಿಸಿದೆ. ನೋಡೋಕೆ ಚೆಂದ. ಆದರೆ ಮಕ್ಕಳ ಪುಸ್ತಕ ಅಂದರೆ ಹದಿನಾರು ಪುಟ, ನಡುವೆ ಎರಡು ಪಿನ್ನು. ಅದಕ್ಕೆ ಬೆನ್ನೇ ಇರಲ್ಲ. ಸಾಲಾಗಿ ನಿಲ್ಲಿಸಿದರೆ ಕಾಗದದ ಅಂಚು ಬಿಟ್ಟು ಬೇರೇನೂ ಕಾಣಲ್ಲ, ಒಂದು ಎಳೆದರೆ ಹತ್ತು ಬೀಳುತ್ತವೆ. ಯಾವ ಮಗುವೂ ಆ ಕಡೆ ಸುಳಿಯಲಿಲ್ಲ. ಕೊನೆಗೆ ನೈಲಾನ್ ಹಗ್ಗ, ಬಟ್ಟೆ ಕ್ಲಿಪ್ಪು, ನಾಲ್ಕು ಮೊಳೆ, ಎಲ್ಲಾ ಸೇರಿ ₹300 ಆಗಿರಬಹುದು. ಮಗುವಿನ ಎದೆ ಎತ್ತರಕ್ಕೆ ಹಗ್ಗ ಕಟ್ಟಿ, ಮುಖಪುಟ ಕಾಣೋ ಹಾಗೆ ತೂಗುಹಾಕಿದೆ. ಅವತ್ತೇ ಅರ್ಧ ಹಗ್ಗ ಖಾಲಿ. ರ‍್ಯಾಕಿನಲ್ಲಿ ಈಗ ಬಿಸಿಯೂಟದ ತಟ್ಟೆಗಳಿವೆ.

ಜಾಸ್ತಿ ಓದಿದವರಿಗೆ ಬಹುಮಾನ ಅನ್ನೋದನ್ನೂ ಮಾಡಿ ನೋಡಿದೆ. ದಯವಿಟ್ಟು ಮಾಡಬೇಡಿ. ಪುಟ ಮಗುಚುವ ಸ್ಪರ್ಧೆ ಶುರುವಾಗುತ್ತದೆ, ಅಷ್ಟೇ. ಓದಿ ಮುಗಿಸಿದ ಮಗುವನ್ನು ನಿಲ್ಲಿಸಿ "ಈ ಕಥೆಯ ನೀತಿ ಏನು" ಅಂತ ಕೇಳೋದನ್ನೂ ಬಿಟ್ಟೆ. ನಾವು ಒಂದು ಕಾದಂಬರಿ ಓದಿ ಮುಗಿಸಿದ ತಕ್ಷಣ ಯಾರಾದರೂ ಬಂದು ಐದು ಪ್ರಶ್ನೆ ಕೇಳಿದರೆ ಇನ್ನೊಂದು ಕಾದಂಬರಿ ಮುಟ್ಟುತ್ತೇವಾ?

ನಿಜವಾಗಿ ಕೆಲಸ ಮಾಡಿದ್ದು ಪದ್ಯ. ಬೆಳಗ್ಗೆ ಹಾಲು ಕುಡಿದು ಲೋಟ ತೊಳೆದಿಟ್ಟ ಮೇಲೆ ಐದು ನಿಮಿಷ, ದಿನಾ. ಅರ್ಥ ಹೇಳಲ್ಲ. ನನಗೆ ಇಷ್ಟವಾದದ್ದನ್ನೇ ಓದುತ್ತೇನೆ, ಪಠ್ಯದಲ್ಲಿ ಇರಲಿ ಬಿಡಲಿ. ಪಂಜೆಯವರ ನಾಗರಹಾವಿನ ಪದ್ಯ ನಮ್ಮಲ್ಲಿ ದೊಡ್ಡ ಹಿಟ್, ಹೊಲದಲ್ಲಿ ಹಾವು ನೋಡಿದ ಮಕ್ಕಳಲ್ವಾ, ಮೊದಲು "ಬಾ ಬಾ" ಅಂತ ಕರೆದು ಕೊನೆಗೆ "ಪೋ ಪೋ" ಅಂತ ಓಡಿಸೋದು ಅವರಿಗೆ ನೂರಕ್ಕೆ ನೂರು ಸರಿ ಕಾಣುತ್ತದೆ. ಒಂದು ವಾರ ಒಂದೇ ಪದ್ಯ. ಮೂರನೇ ದಿನದಿಂದ ಸಾಲಿನ ಕೊನೆಯ ಪದ ನುಂಗುತ್ತೇನೆ, ಮಕ್ಕಳು ತುಂಬುತ್ತಾರೆ. ವಾರದ ಕೊನೆಗೆ ಅದೇ ಪದ್ಯ ದೊಡ್ಡ ಅಕ್ಷರದಲ್ಲಿ ಹಗ್ಗಕ್ಕೆ ಬರುತ್ತದೆ.

"ಇದು ಬಾಯಿಪಾಠ, ಓದಲ್ಲ" ಅಂತ ಒಬ್ಬರು ಹಿರಿಯರು ಜಗಳಕ್ಕೇ ಬಂದಿದ್ದರು. ನಲಿ-ಕಲಿಯಲ್ಲಿ ಅಕ್ಷರ ಕಲಿಸೋ ಕಾರ್ಡುಗಳು ರ ಗ ಸ ದ ಅ ದಿಂದ ಶುರುವಾಗುತ್ತವೆ, ಒತ್ತಕ್ಷರ ಬರೋದು ಎಷ್ಟೋ ಆಮೇಲೆ. ರಾಜರತ್ನಂ ಅವರ ತುತ್ತೂರಿ ಪದ್ಯ ತೂಗುಹಾಕಿದ್ದ ದಿನ ಒಂದನೇ ಕ್ಲಾಸಿನ ಹುಡುಗ ಒಬ್ಬ ಬೆರಳಿಟ್ಟುಕೊಂಡು ಹೋಗುತ್ತಿದ್ದ. ತುತ್ತೂರಿ ಹತ್ತಿರ ನಿಂತ. ಕೆಳಗಿನ ಸಾಲಿನ ಕಸ್ತೂರಿ ಹತ್ತಿರ ಮತ್ತೆ ನಿಂತ. "ಸಾರ್, ಎರಡಕ್ಕೂ ಒಂದೇ ಬಾಲ" ಅಂದ. ತ ಕೆಳಗಿನ ಒತ್ತು, ಸ ಕೆಳಗಿನ ಒತ್ತು, ಎರಡೂ ತ-ವತ್ತೇ ತಾನೆ! ನಾನು ಹೇಳಿಕೊಟ್ಟಿರಲಿಲ್ಲ. ಮಾರನೇ ದಿನ ಗೋಡೆ ಮೇಲಿನ ಬರಹದಲ್ಲೆಲ್ಲ ಬಾಲ ಹುಡುಕೋದೇ ಆಟವಾಯಿತು. ಹಿರಿಯರು ಆಮೇಲೆ ಮಾತಾಡಲಿಲ್ಲ.

ಯಾವ ಪದ್ಯದ ಮೇಲೆ ಯಾವ ಪದ್ಯ ತರಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ, ಶಾಲೆಗೆ ಬಂದರೆ ತೋರಿಸುತ್ತೇನೆ.

ನಡುವೆ ಇನ್ನೊಂದು ಹುಚ್ಚು. ನಮ್ಮಲ್ಲಿ ಅರ್ಧದಷ್ಟು ಮಕ್ಕಳು ತಾಂಡಾದವರು, ಮನೆ ಮಾತು ಲಂಬಾಣಿ. ಅಜ್ಜಿ ಹೇಳುವ ಒಗಟು, ಹಾಡು ಕೇಳಿಕೊಂಡು ಬನ್ನಿ ಅಂದೆ. ಅವರು ಹೇಳಿದ್ದನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬರೆದೆ, ಚಿತ್ರ ಅವರದ್ದೇ, ಸೂಜಿ ದಾರದಲ್ಲಿ ಹೊಲಿದೆವು. ನಾನು ಬರೆದ ಉಚ್ಚಾರಣೆ ತಪ್ಪು ಅಂತ ಮಕ್ಕಳು ನಗುತ್ತಾ ತಿದ್ದುತ್ತಾರೆ. ಅತಿ ಹೆಚ್ಚು ಮನೆಗೆ ಹೋಗೋದು ಅದೇ ಪುಸ್ತಕ. ಫೋನಿನಲ್ಲಿ ಕಥೆ ಓದಿ ಆಡಿಯೋ ಕಳಿಸೋದೂ ಮಾಡಿದ್ದೆ, ಅದು ಠುಸ್. ಫೋನು ಅಪ್ಪನ ಜೇಬಿನಲ್ಲಿರುತ್ತದೆ.

ಪುಸ್ತಕ ಹರಿಯುತ್ತವೆ, ಸುಳ್ಳು ಹೇಳಲ್ಲ. ವರ್ಷಕ್ಕೆ ಹತ್ತು ಹನ್ನೆರಡು ಹೋಗಬಹುದು. ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ಅಲ್ಲೇ ಕಾಗದ ತಿನ್ನುತ್ತದೆ, ಅದಕ್ಕೆ ಹೊಸ ಪುಸ್ತಕ ಬಂದ ಕೂಡಲೇ ಪಿನ್ನು ಕಿತ್ತು ಮೂರು ತೂತಿನ ಹೊಲಿಗೆ ಹಾಕುತ್ತೇನೆ. ಪಾರದರ್ಶಕ ಟೇಪು ಬೇಡ, ಹಳದಿಯಾಗಿ ಅಂಟು ಬಿಡುತ್ತದೆ. ಬಟ್ಟೆಯ ಬೈಂಡಿಂಗ್ ಟೇಪು ತಗೊಳ್ಳಿ.

ಖರ್ಚಿನ ಬಗ್ಗೆ ಇನ್ನೊಂದು ಮಾತು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ 2015ರಿಂದ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ಹಾಕಿಕೊಳ್ಳಲೂ ಅಡ್ಡಿಯಿಲ್ಲ. ಆದರೆ ಕಲರ್ ಪ್ರಿಂಟ್‌ಗೆ ನಮ್ಮ ಕಡೆ ಒಂದು ಪುಸ್ತಕಕ್ಕೆ ₹80 ಆಗುತ್ತದೆ, ಅಂಗಡಿಯಲ್ಲಿ ಅಂಥದ್ದೇ ಪುಸ್ತಕ ₹50ರ ಆಸುಪಾಸು! ಕಪ್ಪು ಬಿಳುಪಿನಲ್ಲಿ ತೆಗೆಸಿದರೆ ₹15-20, ಬಣ್ಣ ಮಕ್ಕಳೇ ತುಂಬುತ್ತಾರೆ. ಆನೆ ಹಸಿರಾಗಿದ್ದರೂ ನಾನು ಕೇಳಲ್ಲ.