ಮಲೆನಾಡಿಗೆ ಬಸ್ಸಿನಲ್ಲಿ ಹೊರಟಿರಾ? ಕೊನೆಯ ಬಸ್ಸಿನಿಂದ ಲೆಕ್ಕ ಹಾಕಿ

ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಹೊರನಾಡಿನಲ್ಲೋ ಶೃಂಗೇರಿಯಲ್ಲೋ ಇಳಿಯಬಹುದು. ದೇವರ ದರ್ಶನವಷ್ಟೇ ಉದ್ದೇಶವಾಗಿದ್ದರೆ ಅದು ಸರಿಯಾದ ದಾರಿ. ಆದರೆ ಮಲೆನಾಡನ್ನು ಕಣ್ತುಂಬ ನೋಡಬೇಕೆನ್ನುವವರು ಹಗಲಿನಲ್ಲಿ, ಊರಿಂದ ಊರಿಗೆ ಬಸ್ ಬದಲಿಸುತ್ತಾ ಹೋಗಬೇಕು. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸ, ಅಲ್ಲಿಂದ ಹೊರನಾಡು: ಈ ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ತಿಳಿಯಬೇಕಾದದ್ದು ಹೋಗುವ ಬಸ್ಸಿನ ಸಮಯವಲ್ಲ, ಮರಳಿ ಬರುವ ಬಸ್ಸಿನದು. ಬೆಂಗಳೂರಿನಲ್ಲಿ ಒಂದು ಬಸ್ ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ಘಟ್ಟದ ಹಳ್ಳಿಗಳಲ್ಲಿ ಬಸ್ ಓಡುವುದು ಶಾಲೆ ಮಕ್ಕಳು, ಕಚೇರಿಗೆ ಹೋಗುವವರು, ಸಂತೆಗೆ ಬರುವವರ ಅನುಕೂಲಕ್ಕೆ. ಹಾಗಾಗಿ ಬೆಳಿಗ್ಗೆ ಹಳ್ಳಿಯಿಂದ ಪೇಟೆಗೆ, ಸಂಜೆ ಪೇಟೆಯಿಂದ ಹಳ್ಳಿಗೆ ಓಡಾಟ ಹೆಚ್ಚು. ನಡುಮಧ್ಯಾಹ್ನ ಬಹಳ ಹೊತ್ತು ಏನೂ ಇರುವುದಿಲ್ಲ. ಪೇಟೆಯಿಂದ ಹಳ್ಳಿ ನೋಡಲು ಹೊರಟ ಪ್ರವಾಸಿಯ ದಾರಿ ಇದಕ್ಕೆ ಪೂರ್ತಿ ಎದುರು. ಎಷ್ಟೋ ಊರುಗಳಿಗೆ ಸಂಜೆ ಹೋಗುವುದು ಹಾಲ್ಟಿಂಗ್ ಬಸ್. ಚಾಲಕರೂ ನಿರ್ವಾಹಕರೂ ರಾತ್ರಿ ಅಲ್ಲಿಯೇ ಮಲಗಿ, ಮುಂಜಾನೆ ಅದೇ ಬಸ್ಸನ್ನು ಹೊರಡಿಸುತ್ತಾರೆ. ಅದರಲ್ಲಿ ಹೋದವರಿಗೆ ಆ ದಿನ ಮರಳುವ ದಾರಿಯಿಲ್ಲ.

ಆದ್ದರಿಂದ ಬಸ್ಸಿಳಿದ ಕೂಡಲೇ ವಾಪಸ್ ಹೋಗುವ ಕೊನೆಯ ಬಸ್ ಎಷ್ಟು ಗಂಟೆಗೆ, ಅದಕ್ಕಿಂತ ಮುಂಚಿನದು ಎಷ್ಟಕ್ಕೆ ಎಂದು ಕೇಳಿಕೊಳ್ಳಿ. ಮುಂಚಿನದನ್ನೇ ನಿಮ್ಮ ಬಸ್ ಎಂದುಕೊಳ್ಳಿ. ಕೊನೆಯದು ಕೈಕೊಟ್ಟರೆ ಕಾಡಿನ ದಾರಿಯಲ್ಲಿ ಬೇರೆ ಗತಿಯಿಲ್ಲ.

ಯಾರನ್ನು ಕೇಳಬೇಕು ಎನ್ನುವುದೂ ಮುಖ್ಯ. ಸರ್ಕಾರಿ ಬಸ್ಸಿನ ಮಾಹಿತಿಗೆ ನಿಲ್ದಾಣದ ಸಂಚಾರ ನಿಯಂತ್ರಕರಿದ್ದಾರೆ. ಖಾಸಗಿ ಬಸ್ಸುಗಳ ಸಮಯವನ್ನು ನಿಲ್ದಾಣದ ಬಳಿಯ ಅಂಗಡಿಯವರು ಚೆನ್ನಾಗಿ ಬಲ್ಲರು. ಹಳೆಯ ವೇಳಾಪಟ್ಟಿಗಳನ್ನು ಮಾತ್ರ ನಂಬಬೇಡಿ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ದಶಕಗಳ ಕಾಲ ಮಲೆನಾಡಿನ ಒಳದಾರಿಗಳಲ್ಲಿ ಓಡಿ 2020ರಲ್ಲಿ ನಿಂತುಹೋಯಿತು. ಆ ಬಸ್ಸುಗಳ ಸಮಯ ನಂಬಿ ಇಂದು ಯಾರೂ ಕಾಯುವಂತಿಲ್ಲ. ಅಂಥ ಸಂಸ್ಥೆ ಮುಚ್ಚಿದ್ದು ಮಲೆನಾಡಿಗೆ ನಿಜವಾದ ನಷ್ಟ.

ಇನ್ನು ಟಿಕೆಟ್. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯಬೇಕು. ರಾಜಹಂಸ, ಐರಾವತಗಳಲ್ಲಿ ಈ ಸೌಲಭ್ಯವಿಲ್ಲ, ಖಾಸಗಿ ಬಸ್ಸುಗಳಲ್ಲೂ ಇಲ್ಲ. ಆದ್ದರಿಂದ ಮಹಿಳೆಯರೂ ಹಣ ಇಟ್ಟುಕೊಂಡಿರಬೇಕು, ಅದೂ ಹತ್ತು, ಇಪ್ಪತ್ತರ ನೋಟುಗಳಲ್ಲಿ. ನೆಟ್‌ವರ್ಕ್ ಸಿಗದ ತಿರುವಿನಲ್ಲಿ ಮೊಬೈಲ್ ಪಾವತಿ ನಡೆಯದು.

ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಹಿಂದಿನ ಚಕ್ರದಾಚೆಯ ಸೀಟುಗಳನ್ನು ಬಿಟ್ಟು ಮುಂದೆ ಕೂರಬೇಕು. ಮೊಬೈಲ್ ನೋಡದೆ ದೂರದ ರಸ್ತೆಯ ಮೇಲೆ ಕಣ್ಣಿಡಿ. ಖಾಲಿ ಹೊಟ್ಟೆಯೂ ಬೇಡ, ಬಿರಿಯುವಷ್ಟು ಊಟವೂ ಬೇಡ. ಕೊಟ್ಟಿಗೆಹಾರದ ಹೆಸರುವಾಸಿ ನೀರುದೋಸೆ ಎರಡು ತಿಂದರೆ ಸಾಕು. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಚಾರ್ಮಾಡಿ ಘಾಟಿ ಇಳಿದು ಉಜಿರೆಯತ್ತ, ಇನ್ನೊಂದು ಕಳಸದತ್ತ. ಫಲಕ ಓದಿ, ನಿರ್ವಾಹಕರನ್ನು ಕೇಳಿಯೇ ಹತ್ತಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಒಂದು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಲೇಬೇಕು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯಲ್ಲಿ ಸಂಚಾರವೇ ನಿಂತಿತ್ತು. ಮರ ಬಿದ್ದು ರಸ್ತೆ ಕಟ್ಟುವುದಂತೂ ಅಲ್ಲಿ ಮಳೆಗಾಲದ ಮಾಮೂಲು. ಹಿಂದಿರುಗಿದ ಮರುದಿನವೇ ಕಚೇರಿಗೆ ಹಾಜರಾಗಬೇಕಾದವರು ಆ ತಿಂಗಳುಗಳಲ್ಲಿ ಹೊರಡದಿರುವುದೇ ಒಳ್ಳೆಯದು. ಹೋಗುವುದಾದರೆ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕಿಟಕಿ ಸೋರದ ಸೀಟು ಹುಡುಕಿ.

ಇಳಿಯುವ ಜಾಗವನ್ನು ಹತ್ತುವಾಗಲೇ ನಿರ್ವಾಹಕರಿಗೆ ಹೇಳಿಬಿಡಿ. ಒಳದಾರಿಯ ಎಷ್ಟೋ ನಿಲುಗಡೆಗಳಿಗೆ ಫಲಕವೇ ಇಲ್ಲ. ಎಸ್ಟೇಟ್ ಗೇಟು, ಶಾಲೆ, ಸೇತುವೆ ಇವೇ ಗುರುತು. ನೀವು ಹೋಗುವ ಮನೆಯವರನ್ನು ಫೋನಿನಲ್ಲಿ ಆ ಗುರುತು ಕೇಳಿ, ಹೊರಡುವ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.